ಬಂದೂಕಿಗೂ ಲೆಕ್ಕ ಬೇಕು: ಅಮೆರಿಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಪೌರತ್ವ ಪಡೆದು ಅಲ್ಲಿ ಮತ ಚಲಾಯಿಸುವ ಎಲ್ಲ ಕನ್ನಡಿಗರಿಗೆ ಹಾಗೂ ಅಲ್ಲಿನ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ,



ಪಶ್ಚಿಮ ಆಫ್ರಿಕಾದ ದುರ್ಬಲ ರಾಷ್ಟ್ರಗಳ ವಿಷಯದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಎರಡು ದಶಕಗಳಿಗೂ ಹೆಚ್ಚು ಕಾಲ ಅನುಸರಿಸಿಕೊಂಡು ಬಂದ ಭದ್ರತಾ ನೀತಿಯು ತಾನೇ ಹಾಕಿಕೊಂಡ ಗುರಿಯನ್ನು ಮುಟ್ಟಲಿಲ್ಲ. ಮಾಲಿ, ಬುರ್ಕಿನಾ ಫಾಸೊ ಮತ್ತು ನೈಜರ್ ದೇಶಗಳಲ್ಲಿ ಚುನಾಯಿತ ಸರ್ಕಾರಗಳು ಉರುಳಿವೆ, ಸಶಸ್ತ್ರ ಜಿಹಾದಿ ಗುಂಪುಗಳ ಹಿಡಿತ ಹಿಗ್ಗಿದೆ, ಅಮೆರಿಕದ ಸೈನಿಕರು ತಾವೇ ಕಟ್ಟಿದ ವಾಯುನೆಲೆಯನ್ನು ಬಿಟ್ಟು ಹೊರಟಿದ್ದಾರೆ. ಈ ಮೂರು ದೇಶಗಳ ದಕ್ಷಿಣಕ್ಕೆ, ಗಿನಿ ಕೊಲ್ಲಿಯ ಕರಾವಳಿಯಲ್ಲಿರುವ ಬೆನಿನ್, ಟೋಗೊ, ಘಾನಾ ಮತ್ತು ಐವರಿ ಕೋಸ್ಟ್‌ಗಳಲ್ಲಿ ಇದೇ ಕಥೆ ಮರುಕಳಿಸಬೇಕೆಂದೇನೂ ಇಲ್ಲ. ಆದರೆ ಅದನ್ನು ತಡೆಯುವ ಅವಕಾಶ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ದುರ್ಬಲ ರಾಷ್ಟ್ರವೊಂದರ ಸೇನೆಗೆ ಬಲ ತುಂಬುವವರು, ಆ ಸೇನೆ ತನ್ನದೇ ಪ್ರಜೆಗಳಿಗೆ ಉತ್ತರ ಕೊಡುವಂತಹ ವ್ಯವಸ್ಥೆಯನ್ನೂ ಅದರ ಜೊತೆಜೊತೆಗೇ ಕಟ್ಟಬೇಕು, ಇಲ್ಲವಾದರೆ ಕೊಟ್ಟ ನೆರವೇ ಆ ರಾಷ್ಟ್ರವನ್ನು ಇನ್ನಷ್ಟು ಶಿಥಿಲಗೊಳಿಸುತ್ತದೆ ಎಂಬ ಒಂದೇ ಮಾತನ್ನು ಸಾಕ್ಷ್ಯಸಮೇತ ತಮ್ಮ ಮುಂದಿಡುವುದು ಈ ಪತ್ರದ ಉದ್ದೇಶ.

ಇದನ್ನು ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ಬರೆಯದೆ ಕನ್ನಡಿಗರಿಗೆ ಬರೆಯುವುದೇಕೆ ಎಂಬ ಪ್ರಶ್ನೆ ಸಹಜ. ವಿದೇಶಿ ಸೇನೆಗಳಿಗೆ ಎಷ್ಟು ಹಣ, ಯಾವ ಷರತ್ತಿನ ಮೇಲೆ ಹೋಗಬೇಕೆಂಬುದನ್ನು ಅಮೆರಿಕದಲ್ಲಿ ಅಂತಿಮವಾಗಿ ನಿರ್ಧರಿಸುವುದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು. ಅದರ ಸದಸ್ಯರು ತಮ್ಮ ಕ್ಷೇತ್ರದ ಮತದಾರರ ಪತ್ರಗಳಿಗೆ ಕಿವಿಗೊಡುತ್ತಾರೆ, ಆದರೆ ಪಶ್ಚಿಮ ಆಫ್ರಿಕಾದ ಬಗ್ಗೆ ಅವರಿಗೆ ಬರೆಯುವವರು ತೀರ ಕಡಿಮೆ. ತಮ್ಮ ತೆರಿಗೆಯ ಹಣ ಈ ನೆರವಿನಲ್ಲಿ ಸೇರಿದೆ, ತಮ್ಮ ಮತದಿಂದ ಗೆದ್ದವರು ಇದಕ್ಕೆ ಒಪ್ಪಿಗೆ ಕೊಡುತ್ತಾರೆ. ಇನ್ನು ಕರ್ನಾಟಕಕ್ಕೂ ಆ ನೆಲಕ್ಕೂ ಇರುವ ನಂಟು ಕಲ್ಪಿತವಾದುದಲ್ಲ. ಮಂಗಳೂರು, ಉಡುಪಿ, ಕಾರ್ಕಳಗಳ ಗೇರುಬೀಜ ಕಾರ್ಖಾನೆಗಳು ಸ್ಥಳೀಯ ಬೆಳೆ ಸಾಲದೆ ಬಹುಕಾಲದಿಂದ ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ ಬಿಸಾವ್ ಮೊದಲಾದ ದೇಶಗಳ ಕಚ್ಚಾ ಬೀಜವನ್ನು ನೆಚ್ಚಿಕೊಂಡಿವೆ. ಆ ಗೇರಿನ ಒಂದು ಪಾಲು ಬೆಳೆಯುವುದು ಅಲ್ಲಿನ ಉತ್ತರದ ಜಿಲ್ಲೆಗಳಲ್ಲಿ, ಸಶಸ್ತ್ರ ಗುಂಪುಗಳು ಇಂದು ಕಣ್ಣಿಟ್ಟಿರುವ ಗಡಿಸೀಮೆಗೆ ಹತ್ತಿರದಲ್ಲಿ. ಮಾಲಿಯ ಕಾಯೆಸ್ ಪ್ರದೇಶದ ಸಿಮೆಂಟ್ ಕಾರ್ಖಾನೆಯೊಂದರಿಂದ 2025ರ ಜುಲೈ 1ರಂದು ಮೂವರು ಭಾರತೀಯ ನೌಕರರನ್ನು ಅಪಹರಿಸಿದಾಗ ಈ ಸಂಘರ್ಷ ಭಾರತೀಯರ ಮನೆಬಾಗಿಲಿಗೂ ಬಂದಿತ್ತು.

ಮೊದಲಿಗೆ ಎರಡು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ದುರ್ಬಲ ರಾಷ್ಟ್ರ ಎಂದರೆ ಬರಿಯ ಬಡ ರಾಷ್ಟ್ರವಲ್ಲ; ತನ್ನ ಗಡಿಯೊಳಗಿನ ಎಲ್ಲ ಭಾಗಗಳಿಗೂ ಕಾನೂನು, ನ್ಯಾಯಾಲಯ, ಶಾಲೆ, ರಸ್ತೆಗಳನ್ನು ತಲುಪಿಸಲಾರದ, ಅದರಿಂದಾಗಿಯೇ ಜನರ ಒಂದು ದೊಡ್ಡ ಪಾಲು ತಮ್ಮದೆಂದು ಒಪ್ಪಿಕೊಳ್ಳದ ಸರ್ಕಾರವುಳ್ಳ ರಾಷ್ಟ್ರ. ಭದ್ರತಾ ನೆರವು ಎಂದರೆ ಒಂದು ದೇಶವು ಇನ್ನೊಂದು ದೇಶದ ಸೇನೆಗೂ ಪೊಲೀಸರಿಗೂ ಕೊಡುವ ಹಣ, ಆಯುಧ, ವಾಹನ, ತರಬೇತಿ ಮತ್ತು ಗುಪ್ತಚರ ಮಾಹಿತಿ. ಇವೆರಡೂ ಕೂಡಿದಾಗ ಹುಟ್ಟುವ ತೊಡಕು ಇಷ್ಟೇ: ಸರ್ಕಾರದ ಉಳಿದೆಲ್ಲ ಅಂಗಗಳು ಸೊರಗಿರುವ ದೇಶದಲ್ಲಿ ಹೊರಗಿನವರು ಒಂದೇ ಅಂಗವನ್ನು ಕೊಬ್ಬಿಸಿದರೆ, ಅದನ್ನು ಹದ್ದುಬಸ್ತಿನಲ್ಲಿಡುವವರು ದೇಶದೊಳಗೆ ಯಾರೂ ಉಳಿಯುವುದಿಲ್ಲ.

ಈ ತೊಡಕು ಹೊಸದೇನಲ್ಲ ಎಂಬುದಕ್ಕೆ ಲೈಬೀರಿಯಾ ಸಾಕ್ಷಿ. 1980ರ ಏಪ್ರಿಲ್ 12ರಂದು ಸ್ಯಾಮ್ಯುಯೆಲ್ ಡೋ ಎಂಬ ಸೇನಾ ಸಾರ್ಜೆಂಟ್ ಅಧ್ಯಕ್ಷ ವಿಲಿಯಂ ಟಾಲ್ಬರ್ಟ್‌ರ ಹತ್ಯೆಯೊಂದಿಗೆ ಅಧಿಕಾರ ಹಿಡಿದನು. ಹತ್ತು ದಿನಗಳ ನಂತರ ಹಿಂದಿನ ಸರ್ಕಾರದ 13 ಮಂದಿ ಪ್ರಮುಖರನ್ನು ರಾಜಧಾನಿ ಮನ್ರೋವಿಯಾದ ಕಡಲ ತೀರದಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಶೀತಲ ಸಮರದ ಆ ಕಾಲದಲ್ಲಿ ಅಮೆರಿಕಕ್ಕೆ ಅಲ್ಲಿನ ರಾಬರ್ಟ್ಸ್‌ಫೀಲ್ಡ್ ವಿಮಾನ ನಿಲ್ದಾಣ, ವಾಯ್ಸ್ ಆಫ್ ಅಮೆರಿಕ ಬಾನುಲಿಯ ಪ್ರಸಾರ ಕೇಂದ್ರ ಮತ್ತು ಹಡಗುಗಳಿಗೆ ದಿಕ್ಕು ತೋರುವ ಒಮೇಗಾ ಗೋಪುರ ಇವು ಬೇಕಾಗಿದ್ದವು. ಆದಕಾರಣ ಡೋ ಆಡಳಿತಕ್ಕೆ ಆ ದಶಕದಲ್ಲಿ ಸುಮಾರು 50 ಕೋಟಿ ಡಾಲರ್ ಸೇನಾ ಮತ್ತು ಆರ್ಥಿಕ ನೆರವು ಹರಿಯಿತು. 1985ರ ಚುನಾವಣೆಯಲ್ಲಿ ಬಹಿರಂಗವಾಗಿಯೇ ಅಕ್ರಮ ನಡೆದರೂ, ಅದರ ಬೆನ್ನಿಗೇ ನಿಂಬಾ ಪ್ರಾಂತದ ಗಿಯೊ ಮತ್ತು ಮಾನೊ ಜನಾಂಗಗಳ ಮೇಲೆ ಸೇನೆ ಮುಗಿಬಿದ್ದರೂ ನೆರವು ಕೂಡಲೇ ನಿಲ್ಲಲಿಲ್ಲ. 1989ರ ಡಿಸೆಂಬರಿನಲ್ಲಿ ಬಂಡಾಯ ನಾಯಕ ಚಾರ್ಲ್ಸ್ ಟೇಲರ್‌ನ ಪಡೆ ಗಡಿ ದಾಟಿ ಅದೇ ನಿಂಬಾವನ್ನು ಹೊಕ್ಕಾಗ ಅಲ್ಲಿನ ಜನ ಅವನ ಜೊತೆ ಸೇರಿದ್ದರಲ್ಲಿ ಅಚ್ಚರಿಯೇನಿಲ್ಲ. 2003ರವರೆಗೆ ಬಿಟ್ಟುಬಿಟ್ಟು ನಡೆದ ಯುದ್ಧಗಳಲ್ಲಿ ಅಂದಾಜು 2.5 ಲಕ್ಷ ಜನ ಸತ್ತರು.

ಈ ಪಾಠ ಮರೆಯುವ ಮುನ್ನವೇ ಮುಂದಿನ ಅಧ್ಯಾಯ ತೆರೆಯಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕವು ಸಾಹೆಲ್ ಪ್ರದೇಶದತ್ತ, ಅಂದರೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿ ಪೂರ್ವ-ಪಶ್ಚಿಮವಾಗಿ ಚಾಚಿರುವ ಒಣ ಹುಲ್ಲುಗಾವಲಿನ ಸೀಮೆಯತ್ತ ಗಮನ ಹರಿಸಿತು. 2002ರಲ್ಲಿ ಮಾಲಿ, ಮಾರಿಟೇನಿಯಾ, ನೈಜರ್, ಚಾಡ್‌ಗಳ ಸೇನೆಗಳಿಗೆ ತರಬೇತಿ ಕೊಡುವ ಯೋಜನೆ ಆರಂಭವಾಯಿತು. 2005ರಲ್ಲಿ ಅದು ಹೆಚ್ಚಿನ ದೇಶಗಳಿಗೆ ಹರಡಿತು, ಫ್ಲಿಂಟ್‌ಲಾಕ್ ಹೆಸರಿನ ವಾರ್ಷಿಕ ಸಮರಾಭ್ಯಾಸ ಶುರುವಾಯಿತು. 2007ರಲ್ಲಿ ಆಫ್ರಿಕಾ ಖಂಡಕ್ಕೆಂದೇ ಆಫ್ರಿಕಾಮ್ ಎಂಬ ಪ್ರತ್ಯೇಕ ಸೇನಾ ಕಮಾಂಡನ್ನು ಸ್ಥಾಪಿಸಲಾಯಿತಾದರೂ ಆಫ್ರಿಕಾದ ಬಹುತೇಕ ಸರ್ಕಾರಗಳು ಅದರ ಕೇಂದ್ರ ಕಚೇರಿಯನ್ನು ತಮ್ಮಲ್ಲಿ ಇರಿಸಿಕೊಳ್ಳಲು ಒಪ್ಪದ ಕಾರಣ ಅದು ಇಂದಿಗೂ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿದೆ. ಈ ಹಿಂಜರಿಕೆಯೇ ಮುಂದಿನ ಕಷ್ಟದ ಮುನ್ಸೂಚನೆಯಾಗಿತ್ತು.

ಮುಂದೆ ನಡೆದದ್ದನ್ನು ಸಾಲಾಗಿ ಇಟ್ಟು ನೋಡಬೇಕು. 2012ರ ಮಾರ್ಚಿನಲ್ಲಿ ಮಾಲಿಯ ಚುನಾಯಿತ ಸರ್ಕಾರವನ್ನು ಉರುಳಿಸಿದ ಕ್ಯಾಪ್ಟನ್ ಅಮಾಡು ಸನೊಗೊ ಅಮೆರಿಕದಲ್ಲಿ ಹಲವು ಬಾರಿ ತರಬೇತಿ ಪಡೆದವರು. ಅದೇ ದೇಶದಲ್ಲಿ 2020 ಮತ್ತು 2021ರಲ್ಲಿ ಎರಡು ಬಾರಿ ಅಧಿಕಾರ ಕಿತ್ತುಕೊಂಡ ಅಸಿಮಿ ಗೊಯಿಟಾ, ಬುರ್ಕಿನಾ ಫಾಸೊದಲ್ಲಿ 2022ರ ಜನವರಿಯಲ್ಲಿ ದಂಗೆ ನಡೆಸಿದ ಪಾಲ್-ಹೆನ್ರಿ ದಮಿಬಾ ಇಬ್ಬರೂ ಅಮೆರಿಕದ ತರಬೇತಿ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡಿದ್ದವರು. ಗಿನಿ ದೇಶದಲ್ಲಿ 2021ರ ಸೆಪ್ಟೆಂಬರ್ 5ರಂದು ಕರ್ನಲ್ ಮಮಾಡಿ ದುಂಬುಯಾ ಅಧ್ಯಕ್ಷರನ್ನು ಸೆರೆಹಿಡಿದಾಗ, ಅವರ ವಿಶೇಷ ಪಡೆಗೆ ಅಮೆರಿಕದ ಗ್ರೀನ್ ಬೆರೆಟ್ ಯೋಧರು ಫೊರೆಕಾರಿಯಾ ಪಟ್ಟಣದಲ್ಲಿ ಇನ್ನೂ ತರಬೇತಿ ಕೊಡುತ್ತಿದ್ದರು. ನೈಜರ್‌ನಲ್ಲಿ 2023ರ ಜುಲೈ 26ರಂದು ಅಧ್ಯಕ್ಷ ಮೊಹಮದ್ ಬಜೂಮ್‌ರನ್ನು ಪದಚ್ಯುತಗೊಳಿಸಿದ ಸೇನಾಧಿಕಾರಿಗಳ ಗುಂಪಿನಲ್ಲಿದ್ದ ಮೂಸಾ ಬರ್ಮು ಅಮೆರಿಕದ ರಕ್ಷಣಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರನ್ನು ಅಮೆರಿಕದ ಅಧಿಕಾರಿಗಳು ನಂಬಿಕೆಯ ಸಂಗಾತಿಯೆಂದು ಕಂಡಿದ್ದರು.

ಈ ಸಾಲನ್ನು ತೋರಿಸಿ ಅಮೆರಿಕದ ತರಬೇತಿಯೇ ದಂಗೆಗಳಿಗೆ ಕಾರಣವೆಂದು ತೀರ್ಪು ಕೊಡುವುದು ಅನ್ಯಾಯವಾದೀತು. ತರಬೇತಿ ಪಡೆದ ಸಾವಿರಾರು ಅಧಿಕಾರಿಗಳು ದಂಗೆಯ ಗೋಜಿಗೆ ಹೋಗಲಿಲ್ಲ, ದಂಗೆಗಳ ಬೇರು ಆಯಾ ದೇಶದ ಭ್ರಷ್ಟಾಚಾರದಲ್ಲಿಯೂ ಆಳುವವರ ಉದಾಸೀನದಲ್ಲಿಯೂ ಇತ್ತು. ಆದರೂ ಜೆಸ್ಸಿ ಡಿಲ್ಲನ್ ಸ್ಯಾವೇಜ್ ಮತ್ತು ಜೊನಾಥನ್ ಕೇವರ್ಲಿ ಎಂಬ ವಿದ್ವಾಂಸರು 1970ರಿಂದ 2009ರವರೆಗಿನ ಮಾಹಿತಿಯನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಅಮೆರಿಕದ ಸೇನಾ ತರಬೇತಿಗೂ ಸೇನೆಯ ಬೆಂಬಲವುಳ್ಳ ದಂಗೆಯ ಸಾಧ್ಯತೆಗೂ ಸಂಬಂಧವಿದೆಯೆಂದು ತೋರಿಸಿತು. ಅವರ ವಿವರಣೆ ಸರಳವಾದುದು: ಆಯುಧವನ್ನಾಗಲಿ ಹಣವನ್ನಾಗಲಿ ಸರ್ಕಾರ ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಅಧಿಕಾರಿಯೊಬ್ಬನ ತಲೆಯಲ್ಲಿರುವ ತರಬೇತಿಯನ್ನೂ ಅದರಿಂದ ಅವನಿಗೆ ಬಂದ ಪ್ರತಿಷ್ಠೆಯನ್ನೂ ಸರ್ಕಾರ ಹಿಂದಕ್ಕೆ ಪಡೆಯಲಾಗದು. ನಾಗರಿಕ ಆಡಳಿತ ಗಟ್ಟಿಯಾಗಿರುವ ದೇಶದಲ್ಲಿ ಇದು ತೊಂದರೆ ಕೊಡುವುದಿಲ್ಲ. ಆಡಳಿತವೇ ಸೊರಗಿರುವ ದೇಶದಲ್ಲಿ ತಕ್ಕಡಿ ಸೇನೆಯತ್ತ ವಾಲುತ್ತದೆ.

ನೈಜರ್‌ನ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಸಹಾರಾದ ಅಂಚಿನ ಅಗಾಡೆಜ್ ನಗರದ ಹೊರವಲಯದಲ್ಲಿ ಅಮೆರಿಕವು ಸುಮಾರು 11 ಕೋಟಿ ಡಾಲರ್ ವೆಚ್ಚದಲ್ಲಿ ವಾಯುನೆಲೆ 201 ಎಂಬ ನೆಲೆಯನ್ನು ಕಟ್ಟಿ 2019ರಿಂದ ಅಲ್ಲಿಂದ ಡ್ರೋನ್‌ಗಳನ್ನು, ಅಂದರೆ ಪೈಲಟ್‌ರಹಿತ ವಿಮಾನಗಳನ್ನು ಹಾರಿಸತೊಡಗಿತು. 2012ರಿಂದ ಈಚೆಗೆ ನೈಜರ್‌ನ ಭದ್ರತಾ ಪಡೆಗಳಿಗಾಗಿ ಒಟ್ಟು 50 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚವಾಗಿತ್ತು. ಇಷ್ಟೆಲ್ಲ ಕಣ್ಗಾವಲಿನ ನಡುವೆಯೂ ದೇಶದ ನೈಋತ್ಯಕ್ಕಿರುವ ತಿಲಬೇರಿ ಪ್ರದೇಶದಲ್ಲಿ ದಾಳಿಗಳು ನಿಲ್ಲಲಿಲ್ಲ. 2017ರ ಅಕ್ಟೋಬರ್ 4ರಂದು ಅಲ್ಲಿನ ಟೊಂಗೊ ಟೊಂಗೊ ಎಂಬ ಹಳ್ಳಿಯ ಬಳಿ ಹೊಂಚುದಾಳಿಯಲ್ಲಿ ನೈಜರ್‌ನ ಯೋಧರ ಜೊತೆ ನಾಲ್ವರು ಅಮೆರಿಕನ್ ಸೈನಿಕರೂ ಸತ್ತಾಗ, ಆ ದೇಶದಲ್ಲಿ ತಮ್ಮ ಸೈನಿಕರು ನೂರಾರು ಸಂಖ್ಯೆಯಲ್ಲಿದ್ದಾರೆ ಎಂಬುದು ಕಾಂಗ್ರೆಸ್ಸಿನ ಕೆಲವು ಹಿರಿಯ ಸದಸ್ಯರಿಗೇ ತಿಳಿದಿರಲಿಲ್ಲ. ಮತದಾರರ ಪ್ರತಿನಿಧಿಗಳಿಗೇ ಅರಿವಿಲ್ಲದೆ ನಡೆಯುವ ಸೇನಾ ಕಾರ್ಯಾಚರಣೆಯ ಬಗ್ಗೆ ಮತದಾರರು ಪ್ರಶ್ನೆ ಕೇಳುವುದು ಎಲ್ಲಿಂದ ಬಂತು? 2024ರ ಮಾರ್ಚ್ 16ರಂದು ನೈಜರ್‌ನ ಸೇನಾ ಸರ್ಕಾರ ಒಪ್ಪಂದವನ್ನು ರದ್ದುಪಡಿಸಿತು. ಆಗಸ್ಟ್ ತಿಂಗಳಲ್ಲಿ ಅಗಾಡೆಜ್ ನೆಲೆ ಅದರ ವಶವಾಯಿತು.

ಸೇನೆ ಹಾಗೂ ಪ್ರಜೆಗಳ ನಡುವಣ ಬಿರುಕು ಎಷ್ಟು ಆಳವಾದುದು ಎಂಬುದನ್ನು ಬುರ್ಕಿನಾ ಫಾಸೊದ ಇನಾಟಾ ಗಡಿಠಾಣೆಯ ದುರಂತ ತೋರಿಸಿಕೊಟ್ಟಿತು. ಆ ದೇಶದ ಉತ್ತರ ತುದಿಯ ಚಿನ್ನದ ಗಣಿಯೊಂದರ ಬಳಿ ಕಾವಲಿದ್ದ ಜೆಂಡಾರ್ಮ್ ಪಡೆಗೆ, ಅಂದರೆ ಸೇನಾ ಶಿಸ್ತಿನ ಪೊಲೀಸ್ ಪಡೆಗೆ, ಎರಡು ವಾರಗಳಿಂದ ಆಹಾರ ಪೂರೈಕೆಯೇ ಆಗಿರಲಿಲ್ಲ. ಸುತ್ತಮುತ್ತ ಸಿಕ್ಕ ಪ್ರಾಣಿಗಳನ್ನು ಕೊಯ್ದು ತಿಂದು ದಿನ ನೂಕುತ್ತಿದ್ದೇವೆ ಎಂದು ಠಾಣೆಯ ಮುಖ್ಯಸ್ಥರು ಮೇಲಧಿಕಾರಿಗಳಿಗೆ ಸಂದೇಶ ಕಳಿಸಿದ್ದರು. 2021ರ ನವೆಂಬರ್ 14ರ ಬೆಳಿಗ್ಗೆ ಆ ಠಾಣೆಯ ಮೇಲೆ ದಾಳಿ ನಡೆದು 50ಕ್ಕೂ ಹೆಚ್ಚು ಮಂದಿ ಸತ್ತರು. ರಾಜಧಾನಿ ವಾಗಡೂಗುವಿನಲ್ಲಿ ಜನ ಬೀದಿಗಿಳಿದರು, ಎರಡು ತಿಂಗಳು ದಾಟುತ್ತಲೇ ಸರ್ಕಾರ ಉರುಳಿತು. ವಿದೇಶಿ ತರಬೇತುದಾರರು ವರ್ಷಗಟ್ಟಲೆ ಬಂದು ಹೋದ ದೇಶದಲ್ಲಿ ಗಡಿಯ ಯೋಧನಿಗೆ ಅಕ್ಕಿ ತಲುಪಲಿಲ್ಲ ಎಂದ ಮೇಲೆ, ಕೊರತೆಯಿದ್ದದ್ದು ಗುರಿಯಿಡುವ ಕೌಶಲದಲ್ಲಲ್ಲ, ರಕ್ಷಣಾ ಇಲಾಖೆಯ ಲೆಕ್ಕಪತ್ರದಲ್ಲಿ, ಸರಬರಾಜಿನ ಮೇಲ್ವಿಚಾರಣೆಯಲ್ಲಿ, ಯಾರೂ ಯಾರಿಗೂ ಉತ್ತರ ಕೊಡಬೇಕಿಲ್ಲದ ಆಡಳಿತದಲ್ಲಿ.

ಬಿರುಕಿನ ಇನ್ನೊಂದು ಮುಖ ಇದಕ್ಕಿಂತಲೂ ಕ್ರೂರ. ಸಾಹೆಲ್‌ನ ಫುಲಾನಿ ಜನರಲ್ಲಿ ಬಹಳಷ್ಟು ಮಂದಿ ದನಗಾಹಿಗಳು. ಮೇವು ನೀರು ಅರಸಿ ಋತುವಿಗೆ ತಕ್ಕಂತೆ ದೂರ ದೂರ ಹೋಗುವ ಅವರಿಗೂ ಬೇಸಾಯಗಾರರಿಗೂ ಭೂಮಿಯ ವಿಚಾರದಲ್ಲಿ ತಕರಾರುಗಳು ಹಿಂದಿನಿಂದಲೂ ಇದ್ದವು. ಜಿಹಾದಿ ಗುಂಪುಗಳು ಈ ತಕರಾರುಗಳನ್ನು ಬಳಸಿಕೊಂಡು ಅವರಲ್ಲಿ ಕೆಲವರನ್ನು ಸೇರಿಸಿಕೊಂಡವು. ಸೇನೆಗಳೂ ಊರ ಕಾವಲು ಪಡೆಗಳೂ ಇಡೀ ಸಮುದಾಯವನ್ನೇ ಶತ್ರುವೆಂದು ಕಂಡವು. ಮಾಲಿಯ ಒಗೊಸಾಗು ಹಳ್ಳಿಯಲ್ಲಿ 2019ರ ಮಾರ್ಚಿನಲ್ಲಿ ಸುಮಾರು 160 ಮಂದಿ ಫುಲಾನಿಗಳ ಕೊಲೆಯಾಯಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಎಂಟು ಆಫ್ರಿಕನ್ ದೇಶಗಳಲ್ಲಿ ಸುಮಾರು 2,200 ಜನರನ್ನು ಮಾತನಾಡಿಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತಾವಾಗಿ ಉಗ್ರ ಗುಂಪು ಸೇರಿದವರ ಪೈಕಿ 48 ಪ್ರತಿಶತ ಮಂದಿ ಒಂದು ನಿರ್ದಿಷ್ಟ ಘಟನೆಯೇ ತಮ್ಮನ್ನು ಅತ್ತ ತಳ್ಳಿತೆಂದರು; ಅವರಲ್ಲಿ 71 ಪ್ರತಿಶತ ಮಂದಿ ಹೇಳಿದ್ದು ಮಾನವ ಹಕ್ಕುಗಳ ಉಲ್ಲಂಘನೆಯನ್ನು, ಬಹುಮಟ್ಟಿಗೆ ಸರ್ಕಾರಿ ಪಡೆಗಳೇ ಎಸಗಿದ ದೌರ್ಜನ್ಯವನ್ನು. ಮುಖ್ಯ ಕಾರಣವಾಗಿ ಧರ್ಮವನ್ನು ಹೆಸರಿಸಿದವರು 17 ಪ್ರತಿಶತ ಮಾತ್ರ. ಅಣ್ಣನನ್ನು ಎಳೆದೊಯ್ದ ಸೈನಿಕರ ಮೇಲೆ ದೂರು ಕೊಡಲು ಠಾಣೆಯಾಗಲಿ ನ್ಯಾಯಾಲಯವಾಗಲಿ ಇಲ್ಲದ ಊರಿನಲ್ಲಿ ತಮ್ಮನಿಗೆ ಬಂದೂಕು ಕೊಡುವವರು ಬೇಗ ಸಿಗುತ್ತಾರೆ. ಆ ಸೈನಿಕರಿಗೆ ತರಬೇತಿ ಕೊಟ್ಟ ದೇಶವು ತಾನು ಭಯೋತ್ಪಾದನೆಯ ವಿರುದ್ಧ ಹೋರಾಡುತ್ತಿದ್ದೇನೆಂದು ನಂಬಿಕೊಂಡಿದ್ದರೂ ಅದರ ಹಣದ ಒಂದು ಪಾಲು ಎದುರಾಳಿಯ ಪಡೆಗೇ ಆಳು ಸೇರಿಸಿಕೊಟ್ಟಂತಾಗುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು, ಕೊಲ್ಲಲು ಬಂದವರ ಎದುರು ನ್ಯಾಯಾಲಯ ಕಟ್ಟುತ್ತ ಕೂರಲಾಗದು ಎಂಬುದು. ಇದು ನಿಜವೇ, ಬೆನಿನ್‌ನ ಉತ್ತರ ಗಡಿಯಲ್ಲಿ 2025ರ ಏಪ್ರಿಲ್ 17ರ ಒಂದೇ ದಿನ 54 ಸೈನಿಕರು ಹತರಾದ ಮೇಲೆ ಆ ಸೇನೆಗೆ ಒಳ್ಳೆಯ ಆಯುಧವೂ ಗಾಯಾಳುಗಳನ್ನು ಬೇಗ ಸಾಗಿಸುವ ವ್ಯವಸ್ಥೆಯೂ ಬೇಡವೆನ್ನುವುದು ನಿರ್ದಯತೆಯಾದೀತು. ಸೇನಾ ನೆರವನ್ನು ನಿಲ್ಲಿಸಬೇಕೆಂದು ಈ ಪತ್ರ ಕೇಳುತ್ತಿಲ್ಲ. ಅದು ಒಂಟಿಯಾಗಿ ಹೋಗಬಾರದು ಎಂದಷ್ಟೇ ಕೇಳುತ್ತಿದೆ. ಎರಡನೆಯ ಆಕ್ಷೇಪವೆಂದರೆ, ಅಮೆರಿಕ ಷರತ್ತು ಹಾಕಿದರೆ ರಷ್ಯಾ ಆ ಜಾಗಕ್ಕೆ ಬರುತ್ತದೆ ಎಂಬುದು. ರಷ್ಯಾ ಬಂದದ್ದೂ ನಿಜ: 2021ರ ಕೊನೆಗೆ ವ್ಯಾಗ್ನರ್ ಎಂಬ ಬಾಡಿಗೆ ಸೈನಿಕರ ಪಡೆ ಮಾಲಿಗೆ ಬಂದಿತು, 2022ರ ಮಾರ್ಚಿನಲ್ಲಿ ಮೂರಾ ಪಟ್ಟಣದಲ್ಲಿ ಮಾಲಿಯ ಸೇನೆಯೂ ವಿದೇಶಿ ಸೈನಿಕರೂ ಸೇರಿ ಕನಿಷ್ಠ 500 ಜನರನ್ನು ಕೊಂದರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವರದಿ ಮಾಡಿತು. ಆದರೆ ಇಷ್ಟೊಂದು ನಿರಂಕುಶವಾದ ಬಲಪ್ರಯೋಗದಿಂದಲೂ ಮಾಲಿಗೆ ಶಾಂತಿ ದಕ್ಕಲಿಲ್ಲ; 2024ರ ಸೆಪ್ಟೆಂಬರ್ 17ರಂದು ದಾಳಿಕೋರರು ರಾಜಧಾನಿ ಬಮಾಕೊದ ವಿಮಾನ ನಿಲ್ದಾಣದವರೆಗೆ ನುಗ್ಗಿದರು. ಷರತ್ತಿಲ್ಲದ ನೆರವಿನ ಪೈಪೋಟಿಯಲ್ಲಿ ರಷ್ಯಾವನ್ನು ಸೋಲಿಸಲು ಅಮೆರಿಕಕ್ಕೆ ಸಾಧ್ಯವಿಲ್ಲ, ಅದು ಅಗತ್ಯವೂ ಅಲ್ಲ. ರಷ್ಯಾ ಕೊಡಲಾರದ್ದನ್ನು ಕೊಡುವುದರಲ್ಲಿಯೇ ಅಮೆರಿಕದ ಬಲವಿದೆ.

ಅಂಥದೊಂದನ್ನು ಅಮೆರಿಕ ಒಮ್ಮೆ ಕೊಟ್ಟಿದೆ, ಅದೂ ತಾನು ಕೆಡಿಸಲು ನೆರವಾಗಿದ್ದ ಲೈಬೀರಿಯಾದಲ್ಲಿಯೇ. 2003ರ ಆಗಸ್ಟಿನಲ್ಲಿ ಘಾನಾದ ಆಕ್ರಾದಲ್ಲಿ ಶಾಂತಿ ಒಪ್ಪಂದವಾದ ಬಳಿಕ ಅಲ್ಲಿನ ಸೇನೆಯನ್ನು ಹೊಸದಾಗಿ ಕಟ್ಟುವ ಹೊಣೆಯನ್ನು ಅಮೆರಿಕ ಹೊತ್ತುಕೊಂಡಿತು. ಹಳೆಯ ಸೇನೆಯನ್ನು ಪೂರ್ತಿ ವಿಸರ್ಜಿಸಲಾಯಿತು. ಹೊಸ ಸೇನೆಗೆ ಅರ್ಜಿ ಹಾಕಿದವರ ಭಾವಚಿತ್ರಗಳನ್ನು ಅವರವರ ಊರುಗಳಲ್ಲಿ ಅಂಟಿಸಿ, ಯುದ್ಧಕಾಲದಲ್ಲಿ ಇವರಿಂದ ಯಾರಿಗಾದರೂ ಅನ್ಯಾಯವಾಗಿದ್ದರೆ ತಿಳಿಸಬೇಕೆಂದು ಜನರನ್ನು ಕೋರಲಾಯಿತು. ದೌರ್ಜನ್ಯ ಎಸಗಿದ್ದಾನೆಂದು ಊರವರು ಗುರುತಿಸಿದವನಿಗೆ ಸಮವಸ್ತ್ರ ಸಿಗಬಾರದೆಂಬುದು ಅದರ ಉದ್ದೇಶವಾಗಿತ್ತು. ಸೈನಿಕರ ಸಂಖ್ಯೆಯನ್ನು ಸುಮಾರು 2,000ಕ್ಕೆ ಮಿತಿಗೊಳಿಸಲಾಯಿತು, ಏಕೆಂದರೆ ಆ ಬಡ ದೇಶ ತಿಂಗಳು ತಿಂಗಳೂ ತಪ್ಪದೆ ಸಂಬಳ ಕೊಡಬಲ್ಲದ್ದು ಅಷ್ಟಕ್ಕೇ, ಸಂಬಳ ಸಿಗದ ಸೈನಿಕನೇ ಮುಂದಿನ ದಂಗೆಯ ಬೀಜ ಎಂಬ ಅನುಭವ ಆಗ ಎಲ್ಲರ ಕಣ್ಣಮುಂದಿತ್ತು. ಭಾರತವೂ ಲೈಬೀರಿಯಾದ ಶಾಂತಿ ಕಾರ್ಯದಲ್ಲಿ ಪಾಲುಗೊಂಡಿತು: ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯದಲ್ಲಿ ಜಗತ್ತಿನಲ್ಲೇ ಮೊದಲೆನಿಸಿದ, ಮಹಿಳೆಯರೇ ತುಂಬಿದ ಪೊಲೀಸ್ ತುಕಡಿಯನ್ನು ಭಾರತವು 2007ರಲ್ಲಿ ಮನ್ರೋವಿಯಾಕ್ಕೆ ಕಳುಹಿಸಿತು, 2016ರವರೆಗೂ ಒಂದಾದ ಮೇಲೊಂದು ತುಕಡಿ ಅಲ್ಲಿ ಸೇವೆ ಸಲ್ಲಿಸಿತು.

ಲೈಬೀರಿಯಾದ ಕೆಲಸದಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಖಾಸಗಿ ಗುತ್ತಿಗೆ ಕಂಪನಿಗಳ ಮೂಲಕ ನಡೆದ ಆ ಕಾರ್ಯದಲ್ಲಿ ಲೈಬೀರಿಯಾದ ಸಂಸತ್ತಿಗೆ ಸರಿಯಾದ ಪಾತ್ರ ಸಿಗಲಿಲ್ಲ. 2014ರಲ್ಲಿ ಎಬೋಲಾ ಸೋಂಕಿನ ದಿಗ್ಬಂಧನದ ವೇಳೆ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಕೊಳೆಗೇರಿಯಲ್ಲಿ ಭದ್ರತಾ ಪಡೆಯ ಗುಂಡಿಗೆ ಹದಿಹರೆಯದ ಹುಡುಗನೊಬ್ಬ ಬಲಿಯಾದನು. ಆದರೂ ಫಲಿತಾಂಶ ಕಣ್ಣೆದುರಿಗಿದೆ. 2018ರಲ್ಲಿ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್‌ರಿಂದ ಜಾರ್ಜ್ ವಿಯಾರಿಗೆ, ಚುನಾವಣೆಯಲ್ಲಿ ಅತ್ಯಲ್ಪ ಅಂತರದಿಂದ ಸೋತ ವಿಯಾರಿಂದ 2024ರಲ್ಲಿ ಜೋಸೆಫ್ ಬೊವಾಕೈ ಅವರಿಗೆ ಅಧಿಕಾರ ಶಾಂತಿಯುತವಾಗಿ ಹಸ್ತಾಂತರವಾಯಿತು; ಸುತ್ತಲಿನ ದೇಶಗಳಲ್ಲಿ ಒಂದರ ಹಿಂದೊಂದು ದಂಗೆ ನಡೆಯುತ್ತಿದ್ದ ಅದೇ ವರ್ಷಗಳಲ್ಲಿ ಲೈಬೀರಿಯಾದ ಸೈನಿಕರು ಬ್ಯಾರಕ್ಕು ಬಿಟ್ಟು ಬರಲಿಲ್ಲ. ದೀರ್ಘಕಾಲ ನಿಲ್ಲುವ ತಾಳ್ಮೆ, ಸೇನೆಯ ಗಾತ್ರಕ್ಕೊಂದು ಮಿತಿ, ಆಯ್ಕೆಯಲ್ಲಿ ಜನರ ಮಾತಿಗೆ ಬೆಲೆ, ಇವು ಕೂಡಿದರೆ ಸೇನಾ ನೆರವು ಫಲ ಕೊಡುತ್ತದೆ.

ಈ ತಿಳಿವಳಿಕೆ ಅಮೆರಿಕದ ಕಾನೂನಿನಲ್ಲಿ ಆಗಲೇ ಇದೆ ಎಂಬುದು ಆಶಾದಾಯಕ. ಮಾಜಿ ಸೆನೆಟರ್ ಪ್ಯಾಟ್ರಿಕ್ ಲೀಹಿ ಅವರ ಹೆಸರಿನ, 1997ರಲ್ಲಿ ಮೊದಲು ಜಾರಿಗೆ ಬಂದ ನಿಯಮದ ಪ್ರಕಾರ, ಘೋರ ಮಾನವ ಹಕ್ಕು ಉಲ್ಲಂಘನೆಯ ನಂಬಲರ್ಹ ಮಾಹಿತಿಯಿರುವ ಯಾವ ವಿದೇಶಿ ತುಕಡಿಗೂ ಅಮೆರಿಕದ ನೆರವು ಸಲ್ಲದು. ವಾರ್ಷಿಕ ಅನುದಾನ ಕಾಯ್ದೆಯ 7008ನೆಯ ಕಲಮು ದಂಗೆಯಿಂದ ಅಧಿಕಾರಕ್ಕೆ ಬಂದ ಸರ್ಕಾರಗಳಿಗೆ ನೆರವನ್ನು ನಿರ್ಬಂಧಿಸುತ್ತದೆ. 2019ರ ಡಿಸೆಂಬರಿನಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಜಾರಿಯಾದ ಗ್ಲೋಬಲ್ ಫ್ರೆಜಿಲಿಟಿ ಕಾಯ್ದೆ, ಅಂದರೆ ದುರ್ಬಲ ರಾಷ್ಟ್ರಗಳಲ್ಲಿ ಸಂಘರ್ಷವನ್ನು ಮೊದಲೇ ತಡೆಯಲೆಂದು ಮಾಡಿದ ಕಾಯ್ದೆ, ಹತ್ತು ವರ್ಷಗಳ ಯೋಜನೆಗಳನ್ನು ರೂಪಿಸಲು ಹೇಳಿ, ತಡೆಗಟ್ಟುವಿಕೆಯ ನಿಧಿಗೆ ಐದು ವರ್ಷಗಳ ಕಾಲ ವರ್ಷಕ್ಕೆ 20 ಕೋಟಿ ಡಾಲರ್‌ವರೆಗೆ ಒದಗಿಸಲು ಅನುಮತಿಸಿತು. 2022ರ ಏಪ್ರಿಲಿನಲ್ಲಿ ಅದರಡಿ ಆಯ್ಕೆಯಾದ ಪ್ರದೇಶಗಳಲ್ಲಿ ಬೆನಿನ್, ಟೋಗೊ, ಘಾನಾ, ಐವರಿ ಕೋಸ್ಟ್, ಗಿನಿಗಳ ಕರಾವಳಿ ಸೀಮೆಯೂ ಒಂದು.

ಆದರೆ ನಿಯಮ ಇರುವುದು ಬೇರೆ, ನಡೆಯುವುದು ಬೇರೆ. ನೈಜರ್‌ನಲ್ಲಿ ನಡೆದದ್ದು ದಂಗೆಯೇ ಎಂದು ಅಮೆರಿಕ ಅಧಿಕೃತವಾಗಿ ಒಪ್ಪಲು 2023ರ ಜುಲೈ 26ರಿಂದ ಅಕ್ಟೋಬರ್ 10ರವರೆಗೆ ಕಾಯಬೇಕಾಯಿತು. ಗ್ಲೋಬಲ್ ಫ್ರೆಜಿಲಿಟಿ ಕಾಯ್ದೆಯ ಹತ್ತು ವರ್ಷಗಳ ಯೋಜನೆಯ ನಾಗರಿಕ ಭಾಗವನ್ನು ನಡೆಸಬೇಕಾಗಿದ್ದ ಯುಎಸ್‌ಏಡ್ ಎಂಬ ವಿದೇಶಿ ಅಭಿವೃದ್ಧಿ ನೆರವಿನ ಸಂಸ್ಥೆಯ ಕೆಲಸಗಳು 2025ರ ಜನವರಿಯಲ್ಲಿ ಸ್ಥಗಿತಗೊಂಡು, ಬಹುಪಾಲು ಕಾರ್ಯಕ್ರಮಗಳು ರದ್ದಾಗಿ, ಜುಲೈ 1ರಿಂದ ಸಂಸ್ಥೆಯೇ ವಿದೇಶಾಂಗ ಇಲಾಖೆಯಲ್ಲಿ ಕರಗಿಹೋಯಿತು. ನ್ಯಾಯ, ಸ್ಥಳೀಯ ಆಡಳಿತ, ಜೀವನೋಪಾಯಗಳಿಗೆ ಮೀಸಲಾದ ಕೈಯನ್ನೇ ಕಡಿದು, ಬಂದೂಕು ಹಿಡಿದ ಕೈಯನ್ನು ಮಾತ್ರ ಉಳಿಸಿಕೊಂಡರೆ ಸಾಹೆಲ್‌ನಲ್ಲಿ ಸೋತ ನೀತಿಯೇ ಕರಾವಳಿಗೆ ಇನ್ನಷ್ಟು ಬೋಳಾಗಿ ಬರುತ್ತದೆ.

ಕರಾವಳಿಯ ಪರಿಸ್ಥಿತಿ ಕೈಮೀರಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬೆನಿನ್, ಬುರ್ಕಿನಾ ಫಾಸೊ, ನೈಜರ್ ಮೂರೂ ಸೇರುವೆಡೆ ಡಬ್ಲ್ಯು, ಆರ್ಲಿ, ಪೆಂಜಾರಿ ಎಂಬ ಅಭಯಾರಣ್ಯಗಳ ದೊಡ್ಡ ಕಾಡಿದೆ. ಕಾಡನ್ನು ಕಾಯುವ ಕಟ್ಟುಪಾಡುಗಳಿಂದ ಬೇಟೆ, ಮೇವು, ಬೇಸಾಯಗಳಿಗೆ ನಿರ್ಬಂಧ ಬಿದ್ದ ಅಂಚಿನ ಹಳ್ಳಿಗರಿಗೆ ಹಳೆಯ ಅಸಮಾಧಾನವಿದೆ, ಸಶಸ್ತ್ರ ಗುಂಪುಗಳು ಕಾಡಿನೊಳಗೆ ಹೋಗಿಬರಲು ದಾರಿ ತೆರೆದು ಆ ಅಸಮಾಧಾನವನ್ನೇ ಬಂಡವಾಳ ಮಾಡಿಕೊಳ್ಳುತ್ತಿವೆ. ಇಲ್ಲಿ ಗೆಲುವು ತೀರ್ಮಾನವಾಗುವುದು ಭೂಮಿಯ ತಕರಾರು ಬಗೆಹರಿಸುವ ಸಮಿತಿ, ಲಂಚವಿಲ್ಲದೆ ದೂರು ಬರೆದುಕೊಳ್ಳುವ ಠಾಣೆ, ದನ ಸಾಗುವ ದಾರಿಗಳ ಗುರುತು, ಯುವಕರಿಗೊಂದು ದುಡಿಮೆ ಇವುಗಳಿಂದ. ಐವರಿ ಕೋಸ್ಟ್ ಇದನ್ನು ಸ್ವಲ್ಪಮಟ್ಟಿಗೆ ಅರಿತುಕೊಂಡಿದೆ. 2020ರಲ್ಲಿ ಕಫೊಲೊ ಗಡಿಠಾಣೆಯ ಮೇಲೆ ದಾಳಿಯಾದ ನಂತರ ಅಲ್ಲಿನ ಸರ್ಕಾರ ಉತ್ತರದ ಗಡಿಗೆ ಸೈನ್ಯ ಕಳುಹಿಸಿದ್ದರ ಜೊತೆಗೆ ಅದೇ ಜಿಲ್ಲೆಗಳ ಯುವಕರಿಗೆ ತರಬೇತಿ, ಸಾಲ, ಉದ್ಯೋಗದ ವಿಶೇಷ ಕಾರ್ಯಕ್ರಮವನ್ನೂ ಆರಂಭಿಸಿತು, ಅನಂತರದ ವರ್ಷಗಳಲ್ಲಿ ಅಲ್ಲಿ ದಾಳಿಗಳು ಇಳಿಮುಖವಾದವು. ಇಂಥ ಪ್ರಯತ್ನದ ಬೆನ್ನಿಗೆ ನಿಲ್ಲುವುದಕ್ಕೆ ಒಂದು ವಾಯುನೆಲೆಯ ಖರ್ಚೂ ಬೇಕಾಗುವುದಿಲ್ಲ.

ಆದಕಾರಣ ತಮ್ಮಲ್ಲಿ ನಾಲ್ಕು ಕೋರಿಕೆಗಳು. ಮೊದಲನೆಯದಾಗಿ, ಗ್ಲೋಬಲ್ ಫ್ರೆಜಿಲಿಟಿ ಕಾಯ್ದೆಯ ನಿಧಿಗೆ ಕೊಟ್ಟಿದ್ದ ಐದು ವರ್ಷಗಳ ಅನುಮತಿಯ ಅವಧಿ ಮುಗಿದಿರುವುದರಿಂದ ಅದನ್ನು ನವೀಕರಿಸಿ, ನ್ಯಾಯ ಮತ್ತು ಸ್ಥಳೀಯ ಆಡಳಿತಕ್ಕೆ ಅದರಲ್ಲಿ ಕಡ್ಡಾಯ ಪಾಲು ಇಡುವಂತೆ ತಮ್ಮ ಪ್ರತಿನಿಧಿಯನ್ನು ಒತ್ತಾಯಿಸಬೇಕು. ಎರಡನೆಯದಾಗಿ, ಲೀಹಿ ನಿಯಮದ ತಪಾಸಣೆ ತರಬೇತಿಗೆ ಮುನ್ನ ಒಮ್ಮೆ ಮುಗಿದುಹೋಗದೆ, ನೆರವು ಪಡೆದ ತುಕಡಿ ಆಮೇಲೆ ಏನು ಮಾಡಿತೆಂಬುದನ್ನೂ ವರ್ಷ ವರ್ಷ ಪರಿಶೀಲಿಸುವಂತಾಗಬೇಕು. ಮೂರನೆಯದಾಗಿ, ದಂಗೆಯನ್ನು ದಂಗೆಯೆಂದು ಘೋಷಿಸಲು ಕಾನೂನಿನಲ್ಲಿ ದಿನಗಳ ಗಡುವು ಬರಬೇಕು. ನಾಲ್ಕನೆಯದಾಗಿ, ಪಶ್ಚಿಮ ಆಫ್ರಿಕಾದಲ್ಲಿ ಎಲ್ಲೆಲ್ಲಿ ಅಮೆರಿಕನ್ ಸೈನಿಕರಿದ್ದಾರೆ, ಯಾವ ಸೇನೆಗೆ ಏನು ಹೋಗಿದೆ, ಅದರಿಂದ ಪ್ರಜೆಗಳ ಸುರಕ್ಷತೆ ಹೆಚ್ಚಿದೆಯೇ ಎಂಬ ಮೌಲ್ಯಮಾಪನ ಕಾಂಗ್ರೆಸ್ಸಿನ ಮುಂದೆ ಬಹಿರಂಗವಾಗಿ ಬರಬೇಕು. ಎಷ್ಟು ಸೈನಿಕರಿಗೆ ತರಬೇತಿಯಾಯಿತೆಂಬ ಅಂಕಿಯನ್ನು ಯಶಸ್ಸೆಂದು ಒಪ್ಪುವುದು ನಿಲ್ಲಬೇಕು.

ಕನ್ನಡ ಕೂಟಗಳು ಹಬ್ಬ, ನಾಟಕ, ಮಕ್ಕಳ ಕನ್ನಡ ತರಗತಿಗಳನ್ನು ದಶಕಗಳಿಂದ ನಿಷ್ಠೆಯಿಂದ ನಡೆಸಿಕೊಂಡು ಬಂದಿವೆ. ಸಂಘಟನೆಯ ಶಕ್ತಿ ತಮಗೆ ಹೊಸದಲ್ಲ. ಅದೇ ಶಕ್ತಿಯ ಒಂದಿಷ್ಟು ಪಾಲನ್ನು ಈ ವಿಷಯಕ್ಕೆ ಕೊಟ್ಟು, ಮುಂದಿನ ಅನುದಾನ ಚರ್ಚೆಗೆ ಮುನ್ನ ತಮ್ಮ ಕ್ಷೇತ್ರದ ಪ್ರತಿನಿಧಿಗೂ ರಾಜ್ಯದ ಇಬ್ಬರು ಸೆನೆಟರುಗಳಿಗೂ ಪತ್ರ ಬರೆಯಬೇಕೆಂಬುದು ವಿನಂತಿ. ಪತ್ರ ಉದ್ದವಾಗಿರಬೇಕಿಲ್ಲ, ಅದರಲ್ಲಿ ಒಂದೇ ಪ್ರಶ್ನೆಯಿದ್ದರೂ ಸಾಕು: ಅಮೆರಿಕದ ಹಣದಿಂದ ತರಬೇತಾದ ಸೈನಿಕನಿಂದ ಅನ್ಯಾಯಕ್ಕೊಳಗಾದ ಬೆನಿನ್‌ನ ದನಗಾಹಿಯೊಬ್ಬ ದೂರು ಕೊಡಲು ಎಲ್ಲಿಗೆ ಹೋಗಬೇಕು, ಆ ದೂರಿನ ವಿಚಾರಣೆ ನಡೆಸುವವರು ಯಾರು? ಈ ಪ್ರಶ್ನೆಗೆ ಖಚಿತ ಉತ್ತರವಿಲ್ಲದ ಯಾವ ಭದ್ರತಾ ನೆರವಿಗೂ ತಮ್ಮ ಪ್ರತಿನಿಧಿಗಳು ಕೈ ಎತ್ತದಂತೆ ನೋಡಿಕೊಳ್ಳುವ ಅಧಿಕಾರ ತಮಗಿದೆ, ಅದನ್ನು ಬಳಸಬೇಕು.

ಇತಿ ಗೌರವಪೂರ್ವಕ,
ಕರ್ನಾಟಕದಿಂದ ಒಬ್ಬ ಕನ್ನಡ ಬರಹಗಾರ